ಚೀಲಕ್ಕೆ ಹಿಡಿಯದ ಗಾಳ

ನನ್ನ ಕೆಲಸಕ್ಕೆ ಬೇಕಾಗಿದ್ದುದು ಎಂಟು ಅಡಿಯ ಗಾಳದ ಕೋಲು. ನನ್ನ ಕೋಣೆಗೆ ಬೇಕಾಗಿದ್ದುದು ಗಾಳವೆಂದರೆ ಏನೆಂದೇ ಗೊತ್ತಿಲ್ಲದ ಬಾಡಿಗೆಯವಳು. ಇವೆರಡನ್ನೂ ಒಂದೇ ಚೀಲದಲ್ಲಿ ತುಂಬಲು ಹೊರಟು ಆ ಬೇಸಿಗೆಯಲ್ಲಿ ಪಟ್ಟ ಪಾಡು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಮೀನುಗಳ ರೋಗ ತಪಾಸಣೆಯ ಒಂದು ಯೋಜನೆಯಲ್ಲಿ ನಾನು ಗುತ್ತಿಗೆಯ ಸಹಾಯಕಿ. ಯಾದಗಿರಿಯಲ್ಲಿ ಒಂದು ಪುಟ್ಟ ಲ್ಯಾಬು, ಅದಕ್ಕೊಬ್ಬ ಸಾಹೇಬರು, ಒಂದು ಹಳೆಯ ಜೀಪು. ಹೊಳೆಯ ಮೀನುಗಳ ಮೈಮೇಲೆ ಕೆಂಪು ಹುಣ್ಣು ಕಾಣಿಸಿಕೊಂಡಿತ್ತು. ಬೇರೆ ಬೇರೆ ಜಾಗದ ಮೀನು ಹಿಡಿದು ಐಸ್ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಕಳಿಸುವುದು ನನ್ನ ಪಾಲಿನ ಕೆಲಸ. ಬಲೆಗೆ ಬಿದ್ದ ಮೀನು ಒದ್ದಾಡಿ ಹುರುಪೆ ಉದುರಿಸಿಕೊಳ್ಳುತ್ತದೆ. ಆಮೇಲೆ ಆ ಗಾಯ ರೋಗದ್ದೋ ಬಲೆಯದ್ದೋ ಹೇಳಲಾಗದು. ಹಾಗಾಗಿ ಗಾಳದಲ್ಲೇ ಹಿಡಿಯಬೇಕು, ನಾನೇ ಹಿಡಿಯಬೇಕು ಎಂದು ಸಾಹೇಬರ ಅಪ್ಪಣೆ. ನಮ್ಮದು ಭೀಮೆಯ ದಂಡೆಯ ಮನೆತನ, ಗಾಳ ಹಾಕುವುದನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ.

ಕೋಣೆ ಇದ್ದದ್ದು ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯಲ್ಲಿ. ಅದು ಸಿಕ್ಕಿದ್ದೇ ಒಂದು ದೊಡ್ಡ ರಾಮಾಯಣ. ಒಂಟಿ ಹೆಣ್ಣೆಂದು ಕೆಲವರು ಬಾಗಿಲು ಹಾಕಿಕೊಂಡರು. ಹೊಳೆದಂಡೆಯ ಮಂದಿ ಎಂದು ತಿಳಿದ ಕೂಡಲೇ ಇನ್ನು ಕೆಲವರ ಖಾಲಿ ಕೋಣೆ ಇದ್ದಕ್ಕಿದ್ದಂತೆ ನೆಂಟರಿಗೆ ಬೇಕಾಗಿಬಿಡುತ್ತಿತ್ತು. ಕೊನೆಗೆ ಈ ಮನೆ ಸಿಕ್ಕಿತು. ಒಳಗಿನಿಂದ ಭದ್ರವಾದ ಚಿಲಕ, ಬಾಗಿಲ ಬಳಿಯೇ ನಲ್ಲಿ, ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರ. ಮನೆಯ ಒಡತಿ ವಯಸ್ಸಾದ ಹೆಂಗಸು, ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದರು.

“ನೋಡು ತಂಗಿ, ಮನ್ಯಾಗ ಲಿಂಗಪೂಜಿ ಅದ. ಮೀನ, ಮಾಂಸ, ತತ್ತಿ ಯಾವುದೂ ಈ ಹೊಸ್ತಿಲ ದಾಟಂಗಿಲ್ಲ. ನೀ ಏನ್ ಕೆಲಸ ಮಾಡ್ತಿ?”

“ನೀರಿನ ಪರೀಕ್ಷಾ ಮಾಡ್ತೀನ್ರಿ ಅಮ್ಮಾರ. ಕೆರಿ ನೀರು, ಹೊಳಿ ನೀರು.”

“ಪುಣ್ಯದ ಕೆಲಸ ಬಿಡು,” ಎಂದು ಕೀಲಿಕೈ ಕೊಟ್ಟರು.

ಸುಳ್ಳೇನೂ ಅಲ್ಲ, ನೀರನ್ನೂ ಬಾಟಲಿಗೆ ತುಂಬುತ್ತಿದ್ದೆ. ನೀರಿನೊಳಗೆ ಏನಿರುತ್ತದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮೀನನ್ನಂತೂ ಆ ಮನೆಗೆ ತರುವ ಪ್ರಸಂಗವೇ ಇರಲಿಲ್ಲ. ಸಂಜೆ ಸುರಪುರದ ಬಸ್ ನಿಲ್ದಾಣದಲ್ಲೇ ಡಬ್ಬಿಯನ್ನು ಜೀಪಿಗೆ ಒಪ್ಪಿಸುತ್ತಿದ್ದೆ. ಆದರೆ ಜೀಪು ಯಾದಗಿರಿಗೆ ಹೋಗುತ್ತಿತ್ತು, ನಾನು ಮರುದಿನ ನಸುಕಿನಲ್ಲಿ ಕಕ್ಕೇರಾ ಕಡೆಯ ಬಸ್ಸು ಹತ್ತಬೇಕು. ಅಂದರೆ ಗಾಳದ ಕೋಲು ನನ್ನ ಜೊತೆಯೇ ಮಲಗಬೇಕು. ಒಮ್ಮೆ ಕಕ್ಕೇರಾದ ಚಹಾದಂಗಡಿಯಲ್ಲಿ ಬಿದಿರಿನ ಕೋಲನ್ನು ಬಿಟ್ಟು ಬಂದಿದ್ದೆ. ಮರುದಿನ ನೋಡಿದರೆ ಅದು ಅಂಗಡಿಯ ಮುಂದೆ ಚಪ್ಪರದ ಗಳವಾಗಿತ್ತು. ಈ ಕೋಣೆ ಹೋದರೆ ಇನ್ನೊಂದು ಸಿಗುವ ಆಸೆ ಇರಲಿಲ್ಲ. ಕೋಣೆ ಇಲ್ಲದಿದ್ದರೆ ಕೆಲಸ ಬಿಟ್ಟು ಊರಿಗೆ ನಡೆಯಬೇಕು. ಹಾಗಾಗಿ ಚೀಲದೊಳಗೆ ಮಡಗಿಕೊಂಡು ಹೋಗುವಂಥ ಕೋಲನ್ನು ಹುಡುಕಲು ಶುರು ಮಾಡಿದೆ.

ಮೊದಲು ತರಿಸಿದ್ದು ಕೊಳವೆಯೊಳಗೆ ಕೊಳವೆ ಜಾರುವ ಕೋಲು. ಮುಚ್ಚಿದರೆ ಮಡಚಿದ ಛತ್ರಿಯಷ್ಟು, ಎಳೆದರೆ ಎಂಟು ಅಡಿ. ರಾಮಸಮುದ್ರದ ಕಡೆಯ ಕೆರೆಯಲ್ಲಿ ಚೆನ್ನಾಗಿಯೇ ನಡೆಯಿತು. ಎರಡು ರೋಹು ಹಿಡಿದು, ಕೋಲನ್ನು ಸರ್ರನೆ ಮುಚ್ಚಿ ಚೀಲಕ್ಕೆ ಹಾಕಿಕೊಂಡಾಗ ನನ್ನಂಥ ಜಾಣೆ ಮೂರು ತಾಲ್ಲೂಕಿನಲ್ಲಿಲ್ಲ ಅನ್ನಿಸಿತ್ತು. ಹೊಳೆಗೆ ಹೋದ ದಿನ ಆ ಜಾಣತನ ಇಳಿಯಿತು. ಕೃಷ್ಣೆಯ ಮರಳು ರವೆಯಷ್ಟು ಸಣ್ಣದು. ಗಾಳಿಗೆ ಹಾರಿ ಕೊಳವೆಗಳ ಸಂದಿಗೆ ಸೇರಿತ್ತು. ಸಂಜೆ ಕೋಲನ್ನು ಮುಚ್ಚಲು ನೋಡುತ್ತೇನೆ, ಮುಚ್ಚುತ್ತಿಲ್ಲ. ಉದ್ದಕ್ಕೆ ಚಾಚಿಕೊಂಡು ಹಾಗೇ ನಿಂತಿದೆ. ತಿರುವಿದೆ, ನೀರಿನಲ್ಲಿ ಅದ್ದಿದೆ, ಬೇಡಿ ತಂದ ಸೀಮೆಎಣ್ಣೆ ಹಚ್ಚಿದೆ. ಅದು ಜಪ್ಪಯ್ಯ ಅನ್ನಲಿಲ್ಲ.

ಎಂಟು ಅಡಿಯ ಕೋಲು ಹಿಡಿದು ಬಸ್ಸು ಹತ್ತಿದೆ. ಕಂಡಕ್ಟರ್ ನನ್ನನ್ನೂ ಕೋಲನ್ನೂ ನೋಡಿದ.

“ಏನಕ್ಕಾ, ಧ್ವಜ ಎಲ್ಲಿ ಬಿಟ್ಟ್ರಿ?”

ಬಸ್ಸಿಗೆ ಬಸ್ಸೇ ನಕ್ಕಿತು. ಸುರಪುರದಲ್ಲಿ ಇಳಿದವಳೇ ನಿಲ್ದಾಣದ ಹಿಂದಿನ ಗೋಡೆಗೆ ಕೋಲಿನ ತುದಿಯನ್ನು ಆನಿಸಿ, ಬುಡಕ್ಕೆ ಕಲ್ಲಿನಿಂದ ಕುಟ್ಟಿದೆ. ಕೋಲು ಒಳಗೆ ಹೋಯಿತು. ತುದಿಯ ಎರಡು ಕೊಳವೆ ಮಾತ್ರ ಚಟ್ಟನೆ ಮುರಿದು ಕಾಲ ಬಳಿ ಬಿದ್ದವು. ಒಳ್ಳೆಯ ಕೋಲನ್ನು ಕೈಯಾರೆ ಕೊಂದು ಚೀಲಕ್ಕೆ ತುಂಬಿಕೊಂಡು, ನೀರು ಪರೀಕ್ಷೆ ಮಾಡಿ ಬಂದವಳಂತೆ ಮುಖ ಮಾಡಿಕೊಂಡು ಮನೆ ಸೇರಿದೆ.

ಎರಡನೆಯ ಸಲ ನಾಲ್ಕು ತುಂಡಿನ ಕೋಲನ್ನು ಆರಿಸಿದೆ. ಇದರಲ್ಲಿ ಜಾರುವುದು ಏನಿಲ್ಲ, ಒಂದು ತುಂಡಿನ ತುದಿಯನ್ನು ಇನ್ನೊಂದರ ಬಾಯಿಗೆ ಒತ್ತಿ ಕೂಡಿಸುವುದು. ಮರಳು ಸೇರಿದರೂ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಹೆಚ್ಚು ತುಂಡಾದಷ್ಟೂ ಚೀಲಕ್ಕೆ ಸುಲಭ, ಆದರೆ ಪ್ರತಿ ಜೋಡಣೆಯೂ ಒಂದು ದುರ್ಬಲ ಜಾಗ. ಆರು ತುಂಡಿನದೂ ಇತ್ತು, ಬೇಡವೆಂದೆ. ಮೂರು ತುಂಡಿನದು ಗಟ್ಟಿ, ಆದರೆ ಚೀಲದಿಂದ ಗೇಣುದ್ದ ಹೊರಗೆ ಇಣುಕುತ್ತಿತ್ತು. ಕೆಲಸಕ್ಕೆ ಮೂರು ಒಳ್ಳೆಯದು, ಹೊಸ್ತಿಲಿಗೆ ನಾಲ್ಕು ಒಳ್ಳೆಯದು. ಹೊಸ್ತಿಲು ಗೆದ್ದಿತು.

ಬಂದ ಕೋಲು ಇದ್ದ ಹಾಗೆ ಉಪಯೋಗಕ್ಕೆ ಬರಲಿಲ್ಲ. ಹಿಡಿಕೆಯ ತುಂಡು ಉಳಿದವುಗಳಿಗಿಂತ ನಾಲ್ಕು ಬೆರಳು ಉದ್ದವಿತ್ತು, ಚೀಲದ ಜಿಪ್ಪು ಹತ್ತುತ್ತಿರಲಿಲ್ಲ. ಗರಗಸದ ಅಲಗಿನಿಂದ ಅಷ್ಟನ್ನು ಕೊಯ್ದೆ. ಕೊಯ್ದ ಮೇಲೆ ಕೋಲಿನ ತೂಕ ಮುಂದಕ್ಕೆ ಹೋಯಿತು, ಹಿಡಿದರೆ ಮೂಗು ನೆಲಕ್ಕೆ. ಬುಡದೊಳಗೆ ಬಲೆಯ ಸೀಸದ ಗುಂಡು ತುಂಬಿ ಅಂಟು ಹಾಕಿದೆ. ದಾರ ಹಾಯುವ ಉಂಗುರಗಳು ನಾಲ್ಕೂ ತುಂಡಿನಲ್ಲಿ ಒಂದೇ ಸಾಲಿಗೆ ಬರಬೇಕು, ಇಲ್ಲದಿದ್ದರೆ ದಾರ ತಿಕ್ಕಿ ಹರಿಯುತ್ತದೆ. ಪ್ರತಿ ಜೋಡಣೆಯ ಎರಡೂ ಬದಿಗೆ ಉಗುರು ಬಣ್ಣದ ಚುಕ್ಕೆ ಇಟ್ಟೆ. ಚುಕ್ಕೆಗೆ ಚುಕ್ಕೆ ಕೂಡಿದರೆ ಉಂಗುರಗಳು ನೆಟ್ಟಗಾಗುತ್ತಿದ್ದವು. ಹಳೆಯ ಲಂಗದ ಬಟ್ಟೆಯಲ್ಲಿ ನಾಲ್ಕು ಕಿಸೆಯ ಪಟ್ಟಿ ಹೊಲಿದು ತುಂಡುಗಳನ್ನು ಅದರಲ್ಲಿಟ್ಟು ಸುತ್ತಿದರೆ ಲಟಪಟ ಸದ್ದೂ ಇಲ್ಲ. ಒಡತಿಯ ಮುಂದೆಯೇ ಆ ಚೀಲ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದೆ. ಅವರು ಒಂದು ದಿನವೂ ಅದರ ಕಡೆ ಕಣ್ಣೆತ್ತಿ ನೋಡಲಿಲ್ಲ.

ಉಳಿದದ್ದು ಜೋಡಣೆ ಸಡಿಲಾಗುವ ಕಾಟ. ಗಾಳ ಬೀಸಿ ಎಸೆದಾಗ ತುದಿಯ ತುಂಡು ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ. ಇದಕ್ಕೆ ಮೇಣದಬತ್ತಿ ತಿಕ್ಕಬೇಕು ಎಂದು ಮೊಬೈಲಿನ ವಿಡಿಯೋಗಳಲ್ಲಿ ಪ್ರತಿಯೊಬ್ಬನೂ ಹೇಳಿದ. ತಿಕ್ಕಿದೆ. ಕಕ್ಕೇರಾ ಕಡೆಯ ಹೊಳೆ ಬಂಡೆಗಳ ಹೊಳೆ. ಬಲೆ ಬೀಸಿದರೆ ಬಲೆಯೇ ಹರಿದು ಬರುವ ಜಾಗ, ನಮಗೆ ಮುಖ್ಯವಾಗಿ ಬೇಕಾಗಿದ್ದುದು ಅಲ್ಲಿಯ ಮಡುವಿನ ಮೀನು. ಬೇಸಿಗೆಯ ಬಿಸಿಲಿನಲ್ಲಿ ಆ ಬಂಡೆಯ ಮೇಲೆ ರೊಟ್ಟಿ ಬೇಯಿಸಬಹುದು. ಕೋಲನ್ನು ಬಂಡೆಯ ಮೇಲಿಟ್ಟು ಗಾಳಕ್ಕೆ ಹಿಟ್ಟಿನ ಉಂಡೆ ಕಟ್ಟುವಷ್ಟರಲ್ಲಿ ಮೇಣ ಕರಗಿ ಎಣ್ಣೆಯಾಗಿತ್ತು. ನನಗೆ ಗೊತ್ತಾಗಲಿಲ್ಲ. ಬೀಸಿದೆ. ದಾರದ ಜೊತೆ ತುದಿಯ ತುಂಡೂ ಹಾರಿ ಮಡುವಿಗೆ ಬಿತ್ತು. ಅದೇ ಹೊತ್ತಿಗೆ ಮೀನು ಕಚ್ಚಬೇಕೇ! ನಾನು ದಾರ ಎಳೆಯುತ್ತೇನೆ, ದಾರದ ಮೇಲೆ ತುದಿಯ ತುಂಡು ಅತ್ತಿಂದಿತ್ತ ಜಾರಾಡುತ್ತದೆ, ಮೀನು ಬಂಡೆಯ ಕೆಳಗೆ ನುಗ್ಗಿ ದಾರ ಹರಿದುಕೊಂಡು ಹೋಯಿತು. ತುಂಡನ್ನು ಹುಡುಕಲು ಎದೆಮಟ್ಟದ ನೀರಿಗೆ ಇಳಿದೆ. ತುಂಡು ಸಿಕ್ಕಿತು, ಚಪ್ಪಲಿ ಹೋಯಿತು.

ಖಾಲಿ ಡಬ್ಬಿ ನೋಡಿ ಸಾಹೇಬರು ಫೋನು ಮಾಡಿದರು.

“ಏನವಾ, ಹೊಳ್ಯಾಗ ಮೀನ ಇಲ್ಲೇನು?”

“ಅದಾವ್ರಿ ಸರ್. ಕೋಲು ಕೈ ಕೊಡಾಕತ್ತದ.”

“ಕುಣೀಲಾರದಾಕಿ ನೆಲಾ ಡೊಂಕು ಅಂದಂಗಾತು. ಈ ವಾರ ಮಡುವಿನ ಮೀನ ಬರ್ಲಿಲ್ಲಂದ್ರ ಆ ಜಾಗಾನೇ ಬಿಡೂಣು. ಗಂಡ ಹುಡುಗುರು ಯಾರರೆ ಇದ್ರ ನೋಡ್ತೀನಿ.”

ಕೊನೆಯ ಮಾತು ಗಾಯದ ಮೇಲೆ ಬರೆ ಎಳೆದ ಹಾಗಿತ್ತು. ಫೋನು ಇಟ್ಟ ಮೇಲೆ ಬಾಯಿಗೆ ಬಂದದ್ದನ್ನೆಲ್ಲ ಗೋಡೆಗೆ ಹೇಳಿದೆ.

ಮೇಣ ಬಿಟ್ಟು ನಲ್ಲಿಗೆ ಸುತ್ತುವ ಬಿಳಿ ಟೇಪು ಹಿಡಿದೆ. ತುದಿಗೆ ಎರಡು ಸುತ್ತು ಸುತ್ತಿ ಒತ್ತಿದರೆ ಜೋಡಣೆ ಕಲ್ಲಿನಂತೆ ಗಟ್ಟಿ. ಗಟ್ಟಿಯಾಗಿದ್ದೇ ತಪ್ಪಾಯಿತು. ಸುತ್ತು ಹೆಚ್ಚಾಗಿ, ಹೊರಗಿನ ತುಂಡಿನ ಬಾಯಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಕೂದಲೆಳೆ ಮರುದಿನ ಬೆರಳುದ್ದ ಆಯಿತು. ಈ ಸಲ ನನ್ನ ಬುದ್ಧಿ ಸಾಕು ಎಂದು ಶಹಾಪುರದ ಒಬ್ಬ ಲೇತ್ ಅಂಗಡಿಯವನ ಬಳಿ ಹೋದೆ. ಅವನು ಬೋರ್‌ವೆಲ್ ಪಂಪುಗಳ ಬಿಡಿಭಾಗ ಕಡೆಯುವವನು. ಕೋಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ನಕ್ಕ.

“ಅಕ್ಕಾರ, ಇದೇನ್ ಕಡ್ಡಿ ತಂದೀರಿ? ಹಿತ್ತಾಳಿ ಕೊಳವಿ ಹಾಕಿ ಕೊಡ್ತೀನಿ ನೋಡ್ರಿ, ಬಿಲ್ಕುಲ್ ಮಜಬೂತ್. ಆನಿ ಎಳದ್ರೂ ಮುರಿಯಂಗಿಲ್ಲ.”

“ಆನಿ ಬ್ಯಾಡಪ್ಪ, ಗೆಂಡಿಮೀನ ಎಳದ್ರ ಸಾಕು. ಜರಾ ತೆಳ್ಳಗ ಮಾಡು. ಕೋಲು ಬಾಗಬೇಕು.”

“ಬಾಗೂದು ಯಾಕ್ರಿ? ಬಾಗಿದ್ರ ಅದು ಕೆಟ್ಟ ಮಾಲು.”

ಪಂಪಿನ ದಂಡ ಕಡೆಯುವವನಿಗೆ ಬಾಗುವುದೆಂದರೆ ದೋಷ, ಗಾಳ ಹಿಡಿಯುವವಳಿಗೆ ಅದೇ ಜೀವ. ಎಷ್ಟು ಹೇಳಿದರೂ ಅವನ ತಲೆಗೆ ಹೋಗಲಿಲ್ಲ, ಬಸ್ಸಿನ ಹೊತ್ತಾಗಿತ್ತು, ಹೂಂ ಎಂದುಬಿಟ್ಟೆ. ಅವನು ಹಾಕಿಕೊಟ್ಟ ಕೊಳವೆ ಥಳಥಳ ಹೊಳೆಯುತ್ತಿತ್ತು. ಮೂಗಿಗಿಂತ ಮೂಗುತಿ ಭಾರ. ಮಡುವಿನಲ್ಲಿ ಮೀನು ಎಳೆದಾಗ ಕೋಲು ಬಿಲ್ಲಿನಂತೆ ಬಾಗುವ ಬದಲು ಹಿತ್ತಾಳೆಯ ಕೊಳವೆ ಇದ್ದಲ್ಲಿ ನೆಟ್ಟಗೆ ನಿಂತು, ಅದರ ಮೇಲ್ಗಡೆ ಮೊಣಕೈಯಂತೆ ಮಡಚಿತು. ಮಡಚಿದಲ್ಲೇ ಲಟ್ಟೆಂದು ಮುರಿಯಿತು. ಮುರಿದ ಕೋಲನ್ನು ಹಿಡಿದುಕೊಂಡು ಬಂಡೆಯ ಮೇಲೆ ಕುಳಿತು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಸುತ್ತ ಯಾರೂ ಇರಲಿಲ್ಲ, ಹಾಗಾಗಿ ಜೋರಾಗಿಯೇ ಅತ್ತೆ.

ಅಳು ಮುಗಿದ ಮೇಲೆ ಮುರಿದ ತುಂಡುಗಳನ್ನು ಬಂಡೆಯ ಮೇಲೆ ಸಾಲಾಗಿಟ್ಟು ನೋಡಿದೆ. ಇಷ್ಟು ದಿನ ನಾನು ಕೋಲನ್ನು ತಿದ್ದುತ್ತಿರಲಿಲ್ಲ, ಚೀಲಕ್ಕೆ ಹೊಂದಿಸುತ್ತಿದ್ದೆ. ಜೋಡಣೆ ಬೇಕಾಗಿದ್ದು ಮೀನಿಗಲ್ಲ, ಮನೆಗೆ. ಅತ್ತ ದರಿ, ಇತ್ತ ಪುಲಿ ಎಂದು ನಡುವೆ ನಿಂತದ್ದಕ್ಕೆ ಕೋಲೂ ನಡುವೆಯೇ ಮುರಿಯುತ್ತಿತ್ತು. ಹೊಸದು ತರಿಸಿದರೆ ವಾರ ಕಳೆದು ಬರುತ್ತದೆ, ವಾರ ಕಳೆದರೆ ಮಡು ಕೈಬಿಟ್ಟು ಹೋಗುತ್ತದೆ. ನಾಲ್ಕು ತುಂಡನ್ನು ಎರಡು ಮಾಡಲು ಅಲ್ಲೇ ತೀರ್ಮಾನಿಸಿದೆ. ಚೀಲಕ್ಕೆ ಹಿಡಿಯದಿದ್ದರೆ ಹಿಡಿಯದಿರಲಿ.

ಮರುದಿನ ರಜೆ ಹಾಕಿ, ಬಾಗಿಲು ಮುಚ್ಚಿಕೊಂಡು ಕೆಲಸಕ್ಕೆ ಕುಳಿತೆ. ಹಿತ್ತಾಳೆಯ ಕೊಳವೆಯನ್ನು ಬಿಸಿ ಮಾಡಿ ಕಿತ್ತೆಸೆದೆ. ಬಿರುಕು ಬಿಟ್ಟ ಬಾಯಿಯನ್ನೂ ಮುರಿದ ಭಾಗವನ್ನೂ ಗರಗಸದಿಂದ ನುಣ್ಣಗೆ ಕೊಯ್ದೆ. ಮೊದಲ ಕೋಲಿನ ಅವಶೇಷಗಳಲ್ಲಿ ಟೊಳ್ಳಿಲ್ಲದ ಗಟ್ಟಿ ತುಂಡೊಂದಿತ್ತು. ಅದನ್ನು ಮರಳು ಕಾಗದದಲ್ಲಿ ತಿಕ್ಕಿ ತಿಕ್ಕಿ, ಎರಡೂ ಕೊಳವೆಗಳ ಒಳಗೆ ಬಿಗಿಯಾಗಿ ಕೂರುವ ಬೆಣೆ ಮಾಡಿದೆ. ಬೆಣೆಯ ಎರಡೂ ತುದಿಯನ್ನು ಪೆನ್ಸಿಲಿನಂತೆ ಇಳಿಜಾರಾಗಿ ತೆಳ್ಳಗೆ ಮಾಡಿದೆ, ಬಾಗು ಒಂದೇ ಕಡೆ ನಿಲ್ಲದೆ ಹರಿದು ಹೋಗಲಿ ಎಂದು. ಎರಡು ಟ್ಯೂಬಿನ ಅಂಟು ಕಲಸಿ ಸವರಿ, ಉಂಗುರಗಳ ಸಾಲು ನೋಡಿ, ತುಂಡುಗಳನ್ನು ಕೂಡಿಸಿದೆ. ಹೊರಗೆ ಹೊಲಿಗೆಯ ನೈಲಾನ್ ದಾರವನ್ನು ಎಳೆ ಪಕ್ಕಕ್ಕೆ ಎಳೆ ಕೂರುವಂತೆ ಸುತ್ತಿ ಮೇಲೆ ಅಂಟಿನ ತೆಳು ಲೇಪ ಕೊಟ್ಟೆ. ಬುಡದ ಕಡೆಯ ಜೋಡಣೆಯನ್ನೂ ಬಿಚ್ಚದಂತೆ ಅಂಟಿಸಿಬಿಟ್ಟೆ. ನಡುವಿನ ಒಂದೇ ಜೋಡಣೆ ಉಳಿಯಿತು. ಅದಕ್ಕೆ ಮೇಣವೂ ಇಲ್ಲ ಟೇಪೂ ಇಲ್ಲ. ಕೂಡಿಸಿದ ಮೇಲೆ ಎರಡೂ ಬದಿಯ ಉಂಗುರಕ್ಕೆ ದಾರ ಬಿಗಿದು ಕಟ್ಟಿದರೆ ಜಾರುವ ಪ್ರಶ್ನೆಯೇ ಇರಲಿಲ್ಲ. ಎರಡು ತುಂಡೂ ನನ್ನ ಎದೆಮಟ್ಟ ಬರುತ್ತಿದ್ದವು. ಯಾವ ಚೀಲಕ್ಕೂ ಅವನ್ನು ಹಿಡಿಸುವ ಮಾತಿರಲಿಲ್ಲ.

ನಸುಕಿನಲ್ಲಿ ಒಡತಿ ಪೂಜೆಗೆ ಕುಳಿತಾಗ ತುಂಡುಗಳನ್ನು ಸೀರೆಯಲ್ಲಿ ಸುತ್ತಿಕೊಂಡು ಹೊರಬಿದ್ದೆ. ಮಡುವಿನಲ್ಲಿ ಗಾಳ ಬೀಸಿದೆ. ಬೆಂಡು ಮುಳುಗಿತು. ಎತ್ತಿದಾಗ ಕೋಲು ತುದಿಯಿಂದ ಬುಡದವರೆಗೆ ಬಾಗಿತು, ಎಲ್ಲೂ ತಡೆಯಲಿಲ್ಲ, ಮೀನಿನ ಒಂದೊಂದು ಒದೆತವೂ ನನ್ನ ಅಂಗೈಗೆ ಬಂದು ಮುಟ್ಟಿತು. ಗೆಂಡೆ ಮೀನು, ಒಂದು ಹುರುಪೆಯೂ ಉದುರದೆ ಮೇಲೆ ಬಂತು. ಹೊಟ್ಟೆಯ ಪಕ್ಕದಲ್ಲಿ ನಾವು ಹುಡುಕುತ್ತಿದ್ದ ಕೆಂಪು ಹುಣ್ಣು ಕಾಣಿಸಿತು. ರೋಗಪೀಡಿತ ಮೀನನ್ನು ನೋಡಿ ಅಷ್ಟು ಸಂತೋಷಪಟ್ಟವಳು ಹೊಳೆಯ ಉದ್ದಕ್ಕೂ ಇನ್ನೊಬ್ಬಳಿರಲಿಕ್ಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಡಬ್ಬಿ ತುಂಬಿತು.

ಸಂಜೆ ಸುರಪುರದಲ್ಲಿ ಜೀಪಿನ ಡ್ರೈವರ್ ಡಬ್ಬಿ ಎತ್ತಿಟ್ಟುಕೊಂಡು ಕೋಲನ್ನು ನೋಡಿದ.

“ಇದನ್ನೂ ಜೀಪಿನ್ಯಾಗ ಹಾಕ್ಲೇನ್ರಿ ಮೇಡಂ? ನಿಮಗ ಮನ್ಯಾಗ ತ್ರಾಸ ಆಗ್ತದ.”

ಮರುದಿನ ಇನ್ನೊಂದು ಮಡು ಬಾಕಿ ಇತ್ತು. ಅದಲ್ಲದಿದ್ದರೂ ನಾನು ಕೊಡುತ್ತಿರಲಿಲ್ಲ. ಗೆದ್ದು ಬಂದ ಅಮಲು ತಲೆಗೇರಿತ್ತು. ಸೀರೆಯನ್ನು ಬಿಚ್ಚಿ ಚೀಲಕ್ಕೆ ತುರುಕಿದೆ. ಎಷ್ಟು ದಿನ ಈ ಕಳ್ಳಾಟ, ದುಡಿದು ತಿನ್ನುವ ಕೆಲಸಕ್ಕೆ ನಾಚಿಕೆ ಯಾಕೆ ಎಂದುಕೊಳ್ಳುತ್ತಾ, ಎರಡು ತುಂಡನ್ನೂ ಹೆಗಲ ಮೇಲಿಟ್ಟುಕೊಂಡು ರಂಗಂಪೇಟೆಯ ಓಣಿಯ ನಡುಮಧ್ಯದಲ್ಲಿ ನಡೆದು ಬಂದೆ.

ಒಡತಿ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಾ ಕುಳಿತಿದ್ದರು. ಎದುರು ಮನೆಯ ಕಟ್ಟೆಯಲ್ಲಿ ಓಣಿಯ ನಾಲ್ಕು ಹೆಂಗಸರು ಮಾತು ನಿಲ್ಲಿಸಿ ನನ್ನ ಹೆಗಲನ್ನೇ ನೋಡಿದರು. ಒಡತಿಯೂ ನೋಡಿದರು.

“ಏನ್ ತಂಗಿ ಅದು, ನೀರಿನ ಆಳ ಅಳಿಯೂ ಕೋಲೇನು?” ಎಂದರು, ಎದುರು ಕಟ್ಟೆಗೂ ಕೇಳುವಷ್ಟು ಗಟ್ಟಿಯಾಗಿ.

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಉತ್ತರವನ್ನೇ ಕೈಯಲ್ಲಿಟ್ಟು ಪ್ರಶ್ನೆ ಕೇಳಿದ್ದರು. ನನಗೆ ಅದು ಹೊಳೆಯಲಿಲ್ಲ.

“ಅಲ್ರಿ ಅಮ್ಮಾರ, ಗಾಳ. ಮೀನ ಹಿಡಿಯೂ ಗಾಳ. ನನ್ನ ಕೆಲಸಾನೇ ಅದು,” ಎಂದೆ, ಅಷ್ಟೇ ಗಟ್ಟಿಯಾಗಿ.

ಅವರ ಕೈ ಬೇಳೆಯಲ್ಲೇ ನಿಂತಿತು. ಎದುರು ಕಟ್ಟೆಯಲ್ಲಿ ಯಾರೋ “ಶಿವಶಿವಾ” ಎಂದರು. ಒಡತಿ ಮೊರವನ್ನು ಬದಿಗಿಟ್ಟು ಎದ್ದು, ನನ್ನ ಹಿಂದೆಯೇ ಕೋಣೆಯ ಬಾಗಿಲವರೆಗೆ ಬಂದರು. ಅಲ್ಲಿ ದನಿ ಇಳಿಸಿದರು.

“ನನಗ ಇದು ಮೊದಲಿಂದಾನೂ ಗೊತ್ತದ.”

“ಗೊತ್ತದ?”

“ನೀ ಬಂದ ಮ್ಯಾಲ ಓಣ್ಯಾನ ಬೆಕ್ಕೆಲ್ಲಾ ನಿನ್ನ ಬಾಗಲ ಮುಂದ ಬಂದು ಕುಂದ್ರತಾವ. ಕೋಲು ತುಂಡು ಮಾಡಿ ಚೀಲದಾಗ ಇಟ್ಟಿ, ಬೆಕ್ಕಿನ ಮೂಗು ಎಲ್ಲಿಡ್ತಿ?”

“ಮತ್ತ ಯಾಕ್ರಿ ಏನೂ ಅನ್ಲಿಲ್ಲ?”

“ಕಂಡದ್ದಕ್ಕ ಅನಬೇಕು. ಕಾಣಲಾರದ್ದಕ್ಕ ಏನಂತ ಅನ್ಲಿ? ಹೆಣ್ಣಮಗಳು, ಹೊಟ್ಟಿಪಾಡು, ಮೀನ ಅಂತೂ ಒಳಗ ತಂದಿಲ್ಲ, ಇರ್ಲಿ ಅಂದೆ. ಈಗ ನೀ ಓಣಿ ಮಂದಿ ಮುಂದ ಬಾಯಿ ಬಿಟ್ಟು ಹೇಳಿದಿ. ನಾಳಿಗಿ ಅವರು ನನ್ನ ಕೇಳ್ತಾರ. ಗೊತ್ತಿರಲಿಲ್ಲ ಅನ್ನಾಕ ಬರಂಗಿಲ್ಲ. ಗೊತ್ತಿತ್ತು ಅನ್ನಾಕೂ ಬರಂಗಿಲ್ಲ.”

“ಹಂಗಾದ್ರ ನಾ ಏನ್ ಮಾಡ್ಲಿ ಅಮ್ಮಾರ?”

“ಈ ತಿಂಗಳ ಇರು. ಮುಂದ ಬ್ಯಾರೆ ಕಡಿ ನೋಡ್ಕೋ.”

ತಡೆಯಲಾಗದಷ್ಟು ಸಿಟ್ಟು ಬಂತು. ಅವರ ಮೇಲೋ, ಎದುರು ಕಟ್ಟೆಯ ಮೇಲೋ, ಹೆಗಲ ಮೇಲಿದ್ದ ಕೋಲಿನ ಮೇಲೋ ತಿಳಿಯಲಿಲ್ಲ.

“ಮುಚ್ಚಿಟ್ಟಾಗ ಸುಮ್ಮನಿದ್ರಿ. ಖರೇ ಹೇಳಿದ್ದಕ್ಕ ಹೊರಗ ಹಾಕ್ತೀರಲ್ರಿ!”

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು ಹೊರಗೆ ಕಟ್ಟೆಯ ಕಡೆ ತಿರುಗಿದರು.

“ಮುಚ್ಚಿಟ್ಟಿದ್ದಕ್ಕ ನನಗೇನೂ ಸಿಟ್ಟಿಲ್ಲ ತಂಗಿ,” ಎಂದರು. “ಇನ್ನೂ ಜರಾ ಮುಚ್ಚಿಡಬೇಕಿತ್ತು.”